ಬಿದ್ದ ಕಲ್ಲನ್ನು ಎತ್ತಿಟ್ಟದ್ದಕ್ಕೆ ಬಂದ ನೋಟಿಸು

ಮಾನ್ಯ ಸ್ಮಾರಕ ಸಂರಕ್ಷಣಾಧಿಕಾರಿಗಳೇ,

ಹಾರ್ಷಾ ಕೋಟೆಮನೆಗೆ ಧಕ್ಕೆ ಮಾಡಿದನೆಂದು ನನ್ನ ಮೈದುನ ಕತ್‌ಬರ್ಟ್ ಡಾಡ್‌ಗೆ ತಾವು ನೋಟಿಸು ಕಳಿಸಿದ್ದೀರಿ. ಅವನು ಮಾಡಿದ್ದು ಇಷ್ಟೇ: ಬಿದ್ದಿದ್ದ ಒಂದು ಕಲ್ಲನ್ನು ಎತ್ತಿ ಗೋಡೆಯ ಮೇಲಿಟ್ಟ.

ಆ ಮನೆ ಕಟ್ಟಿದ್ದು ಯಾಕೆಂದು ತಮ್ಮದೇ ಫಲಕ ಹೇಳುತ್ತದೆ. ಸ್ಕಾಟ್ಲೆಂಡಿನಿಂದ ದನಗಳ್ಳರು ಬಂದಾಗ ಊರಿನ ಜನ, ದನ, ಕುರಿ ಎಲ್ಲವನ್ನೂ ಒಳಗೆ ಸೇರಿಸಿಕೊಳ್ಳಲಿಕ್ಕೆ. ನಮ್ಮವರೂ ಗಡಿ ದಾಟಿ ಹೋಗಿ ಅದೇ ಕೆಲಸ ಮಾಡುತ್ತಿದ್ದರೆಂದು ಬರೆಯದೆ ನಮ್ಮ ಮಾನ ಉಳಿಸಿದ್ದೀರಿ, ಉಪಕಾರವಾಯಿತು. ಯಜಮಾನರ ವಂಶ ಅಳಿಯಿತು, ಸೂರು ಕುಸಿಯಿತು. ಆದರೂ ಮರಿ ಹಾಕುವ ಕಾಲದಲ್ಲಿ ಹಿಮ ಸುರಿದರೆ ಮಂದೆಯನ್ನು ಅಲ್ಲಿಗೆ ಹೊಡೆಯುವುದು ನಿಲ್ಲಲಿಲ್ಲ. ಬಾಡಿಗೆ ಒಂದೇ, ಹೊರಡುವಾಗ ಉದುರಿದ ಕಲ್ಲೊಂದನ್ನು ಮತ್ತೆ ಗೋಡೆಗೇರಿಸಬೇಕು. ಆ ಗೋಡೆ ಇಷ್ಟು ಕಾಲ ಯಾರ ಕೃಪೆಯಿಂದ ನಿಂತಿತ್ತೆಂದು ತಿಳಿದಿದ್ದೀರಿ?

ಕಳೆದ ಏಪ್ರಿಲ್‌ನಲ್ಲಿ ಹಿಮಗಾಳಿ ಎದ್ದಾಗ ನಾವಿಬ್ಬರೂ ಮಂದೆ ಹೊಡೆದುಕೊಂಡು ಹೋದರೆ ಗೋಡೆಯ ಸುತ್ತ ತಂತಿಬೇಲಿ, ಗೇಟಿಗೆ ಹೊಸ ಬೀಗ. ನಮ್ಮ ಸುರಕ್ಷತೆಗಾಗಿ ಮುಚ್ಚಿದ್ದೀರಂತೆ. ಬೋರ್ಡಿನ ನಂಬರಿಗೆ ಫೋನ್ ಮಾಡಿದೆ. ಕೀಲಿ ಇರುವ ಸಾಹೇಬರು ಸೋಮವಾರ ಬರುತ್ತಾರೆಂದು ತಮ್ಮ ಕಚೇರಿಯ ಹುಡುಗಿ ಬಹಳ ವಿನಯದಿಂದ ತಿಳಿಸಿದಳು.

"ಸೋಮವಾರದ ತನಕ ಮರಿ ಹಾಕ್ಬೇಡಿ ಅಂತ ಕುರಿಗಳಿಗೆ ನೀವೇ ಹೇಳಿ ಅತ್ತಿಗೆ" ಅಂದ ಕತ್‌ಬರ್ಟ್.

ಕುರಿಗಳು ಬೇಲಿಯ ಹೊರಗೇ ಮರಿ ಹಾಕಿದವು. ಹಿಮ ನಿಂತಾಗ ಬದುಕಿದವುಗಳಿಗಿಂತ ಸತ್ತವೇ ಹೆಚ್ಚು. ತನ್ನ ಅಣ್ಣ ತೀರಿಕೊಂಡಾಗಲೂ ಅಳದವನು ಅಂದು ಅತ್ತ. ಸತ್ತ ಮರಿಗಳನ್ನು ಗಾಡಿಗೆ ತುಂಬಿದ ಮೇಲೆ, ಹೊರಗುರುಳಿದ್ದ ಕಲ್ಲೊಂದನ್ನು ಎತ್ತಿ ತಂತಿಯ ಮೇಲಿಂದ ಕೈಚಾಚಿ ಗೋಡೆಗಿಟ್ಟ.

"ಒಳಗೇ ಬಿಟ್ಟಿಲ್ಲ, ಬಾಡಿಗೆ ಯಾಕೋ?" ಎಂದೆ.

"ಗೋಡೆ ಒಂಚೂರು ಗಾಳಿ ತಡೀತಲ್ಲ ಅತ್ತಿಗೆ. ಅಷ್ಟಕ್ಕಾದ್ರೂ ಇಡ್ಬೇಕು."

ಇದನ್ನು ಗೇಟಿನ ಮೇಲೆ ತಾವು ಕೂರಿಸಿದ ಕ್ಯಾಮೆರಾ ಕಂಡಿತು. ನಡುಗುತ್ತಿದ್ದ ಮಂದೆಯನ್ನು ಮಾತ್ರ ಕಾಣಲಿಲ್ಲ ಅಲ್ಲವೇ?

ಈ ವಾರ ಟಗರುಗಳನ್ನು ಮಂದೆಗೆ ಬಿಟ್ಟಿದ್ದೇವೆ. ಏಪ್ರಿಲ್‌ಗೆ ಮತ್ತೆ ಮರಿಗಳು. ಆಕಾಶ ಮಸುಕಾದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನೋಟಿಸು ಹಿಂಪಡೆಯಿರಿ. ಅಷ್ಟರೊಳಗೆ ಬೀಗ ತೆಗೆಯಿರಿ, ಇಲ್ಲವೇ ಕೀಲಿಯೊಂದನ್ನು ಊರಲ್ಲಿಡಿ. ಕುರಿಗಳನ್ನು ಕಾಯಲು ಕಟ್ಟಿದ ಮನೆಯನ್ನು ಕುರಿಗಳಿಂದ ಕಾಯಬೇಕಾಗಿಲ್ಲ.

ಕತ್‌ಬರ್ಟ್‌ಗೆ ದಂಡ ಹಾಕಲೇಬೇಕೆಂದರೆ ದಯವಿಟ್ಟು ಕ್ಯಾಮೆರಾ ಹಿಡಿದ ಚಿತ್ರವನ್ನು ಇನ್ನೊಂದು ಸಲ, ಕೊನೆಯವರೆಗೂ ನೋಡಿ. ಅವನ ಹಿಂದೆಯೇ ನಾನೂ ಒಂದು ಕಲ್ಲಿಟ್ಟಿದ್ದೇನೆ.

ಇಂತಿ, ಬೇಲಿಯ ಹೊರಗಿನಿಂದ,
ಬಾಡಿಗೆ ಬಾಕಿ ಉಳಿಸಿಕೊಳ್ಳದ
ಐಸಬೆಲ್ ಡಾಡ್
ಹಾರ್ಷಾ, ನಾರ್ಥಂಬರ್ಲೆಂಡ್