ಗೆರೆ ಹಾರಿದ ವರ್ಷ

ಮಾರ್ಚ್ 3, ಸೋಮವಾರ

ಮತ್ತೆ ಅದೇ ಬಸ್ಸು, ಅದೇ ಕಿಟಕಿ, ಅಂಕಿಅಂಶ ಇಲಾಖೆಯ ಅದೇ ಆಮದು ವಿಭಾಗ. ಬೆಳಿಗ್ಗೆಯೆಲ್ಲ ಪಂಪು, ಮಧ್ಯಾಹ್ನವೆಲ್ಲ ವಾಲ್ವು. ನನ್ನ ಪಾಲಿಗೆ ಬಂದಿರುವುದು ಪರಮಾಣು ಸ್ಥಾವರಗಳ ಸಾಮಾನು. ಹೊರದೇಶದಿಂದ ಏನೇನು ಬಂತು, ಎಷ್ಟು ಬೆಲೆಯದು ಬಂತು, ಎಲ್ಲ ಕೂಡಿಸಿ ಗ್ರಾಫ್ ಎಳೆಯುವುದು. ಹತ್ತು ವರ್ಷದಿಂದ ಗೆರೆ ಮೆಲ್ಲಗೆ ಇಳಿಯುತ್ತಲೇ ಇತ್ತು— ಇಲ್ಲಿನ ಕಾರ್ಖಾನೆಗಳೇ ಒಂದೊಂದಾಗಿ ಮಾಡಲು ಕಲಿತಿವೆಯಲ್ಲ. ಇವತ್ತು ಈ ವರ್ಷದ್ದು ಸೇರಿಸಿದೆ. ಗೆರೆ ನೆಟ್ಟಗೆ ಎದ್ದು ನಿಂತಿತು! ಇನ್ನೊಮ್ಮೆ ಕೂಡಿಸಿದೆ. ಅಷ್ಟೇ ಬಂತು.

ದೊಡ್ಡಕ್ಕನಿಗೆ ತೋರಿಸಿದೆ. ವಿಭಾಗದ ಮುಖ್ಯಸ್ಥೆ, ಬೈಯುವುದರಲ್ಲಿ ನಮಗೆಲ್ಲ ಅಕ್ಕ. ಕನ್ನಡಕ ಹಣೆಗೇರಿಸಿ ನೋಡಿದರು.

"ಇದೇನೇ, ಹೀಗೆ ಹಾರಿದೆ?"

"ಲೆಕ್ಕ ಸರಿ ಇದೆ ಅಕ್ಕ. ಈ ವರ್ಷ ನಾಲ್ಕು ರಿಯಾಕ್ಟರ್ ಪಾತ್ರೆ ಬಂದಿವೆ." ಅಣು ಇಂಧನ ಇಡುವ ಉಕ್ಕಿನ ದೈತ್ಯ ಹಂಡೆಗಳು ಅವು.

"ಹೌದಾ? ಬರ್ಲಿ ಬಿಡು," ಎಂದು ಸಹಿ ಹಾಕಿದರು.

ಮಾರ್ಚ್ 5

ನಿರ್ದೇಶಕರೇ ಕರೆಸಿದರು. ಒಳಗೆ ಹೋದರೆ ಅವರು ಕುರ್ಚಿಯಲ್ಲೇ ಕೂತಿಲ್ಲ, ಅಷ್ಟು ಖುಷಿ.

"ಹೊಸ ಯುಗ ಕಣಮ್ಮಾ ಇದು, ಒಂದೇ ವರ್ಷಕ್ಕೆ ನಾಲ್ಕು ರಿಯಾಕ್ಟರ್! ಸೋಮವಾರ ಪತ್ರಿಕೆಯವರನ್ನ ಕರೆದಿದ್ದೀನಿ. ಈ ಗ್ರಾಫ್ ದೊಡ್ಡ ಬೋರ್ಡ್ ಮಾಡಿಸ್ತೀನಿ. ನಿಮ್ಮ ಕಾಂಟ್ರ್ಯಾಕ್ಟ್ ಈ ತಿಂಗಳಿಗೆ ಮುಗಿಯುತ್ತಲ್ವಾ? ಯೋಚನೆ ಮಾಡ್ಬೇಡಿ."

ಯೋಚನೆ ಮಾಡಬೇಡಿ! ನಮ್ಮ ಮನೆಯವರ ಬಸ್ಸು ಓಡಿಸುವ ಸಂಬಳ ಒಂದರಲ್ಲೇ ಮನೆ ನಡೆಯುವುದಿಲ್ಲ ಎನ್ನುವುದು ಒಂದು. ನನಗೆ ಈ ಕೆಲಸ ಹುಚ್ಚು ಹಿಡಿಯುವಷ್ಟು ಇಷ್ಟ ಎನ್ನುವುದು ಇನ್ನೊಂದು. ಅತ್ತೆಗೆ ಹೇಳಿದೆ. "ಹಾಗಿದ್ರೆ ಇವತ್ತು ಪಾತ್ರೆ ನೀನೇ ತೊಳಿ, ದೊಡ್ಡ ಮನುಷ್ಯಳಾದೆ" ಎಂದರು.

ವರದಿಯ ಮುಖಪುಟಕ್ಕೆ ಒಂದು ಫೋಟೊ ಬೇಕಂತೆ. ಶುಕ್ರವಾರ ಬಂದರಿಗೆ ಹೋಗಬೇಕು.

ಮಾರ್ಚ್ 7, ಸಂಜೆ

ಬಂದರಿಗೆ ಹೋಗಿ ಬಂದೆ.

ಕಸ್ಟಮ್ಸ್ ಇನ್ಸ್‌ಪೆಕ್ಟರ್ ಕಡ್ಡಿಯಂಥ ಮನುಷ್ಯ, ನಗು ಮಾತ್ರ ಗೋದಾಮಿನ ತುಂಬ. ಟಾರ್ಪಾಲು ಎತ್ತಿಸಿ ಪಾತ್ರೆ ತೋರಿಸಿದರು. ಅಬ್ಬಾ… ನಮ್ಮ ಮನೆ ಅದರೊಳಗೆ ಹಿಡಿಸುತ್ತದೆ. ಇಷ್ಟು ದಿನ ಇದರ ಲೆಕ್ಕ ಬರೆದವಳು, ಕಣ್ಣಲ್ಲಿ ನೋಡಿದ್ದು ಇವತ್ತೇ. ಫೋಟೊ ಮೇಲೆ ಫೋಟೊ ತೆಗೆದೆ.

"ಉಳಿದ ಮೂರು ಎಲ್ಲಿವೆ ಸರ್?"

"ಯಾವ ಮೂರು?"

"ರಿಯಾಕ್ಟರ್ ಪಾತ್ರೆ. ನಾಲ್ಕು ಬಂದಿವೆಯಲ್ಲ."

"ನಾಲ್ಕು ಬಂದಿದ್ರೆ ಇಡೋಕೆ ನಿಮ್ಮ ಹಿತ್ತಿಲು ಕೊಡ್ತಿದ್ರಾ ಮೇಡಂ? ಬಂದಿರೋದು ಒಂದೇ. ಬಿಡಿಬಿಡಿಯಾಗಿ ನಾಲ್ಕು ಹಡಗಲ್ಲಿ ಬಂತು. ಇದು ಮೈ. ಅದು ಮುಚ್ಚಳ. ಆ ಕಡೆ ಒಳಗಿನ ಸಾಮಾನು. ಪೆಟ್ಟಿಗೆಗಳಲ್ಲಿ ಬೋಲ್ಟು."

"ಮತ್ತೆ… ನಾಲ್ಕು ಸಲವೂ ಅದೇ ಬೆಲೆ ಇದೆ?"

"ಇರ್ಲೇಬೇಕು. ಕೊನೇ ತುಂಡು ಬರೋವರೆಗೂ ಪ್ರತಿ ಸಲ ಪೂರ್ತಿ ಬೆಲೆನೇ ಬರೀತೀವಿ. ಎಲ್ಲ ಬಂದ ಮೇಲೆ ಒಟ್ಟಿಗೆ ಸರಿ ಮಾಡ್ತೀವಿ. ತುಂಡಾಗಿ ಬರೋ ಸಾಮಾನಿಗೆಲ್ಲ ಹಾಗೇ ಅಲ್ವಾ?"

ನನಗೆ ಗೊತ್ತಿರಲಿಲ್ಲ. ಪಂಪು, ವಾಲ್ವು ಎಲ್ಲ ಇಡಿಯಾಗಿ ಬರುತ್ತವೆ. ನನ್ನ ಕಾಲದಲ್ಲಿ ತುಂಡಾಗಿ ಬಂದದ್ದು ಇದೇ ಮೊದಲು. ಬೋಲ್ಟಿನ ಪೆಟ್ಟಿಗೆಗೂ ಒಂದು ರಿಯಾಕ್ಟರಿನ ಬೆಲೆ ಹಾಕಿ ಕೂಡಿಸಿದ್ದೇನೆ! ಬಸ್ಸಲ್ಲಿ ಕೂತು ಮತ್ತೆ ಲೆಕ್ಕ ಹಾಕಿದೆ. ಗೆರೆ ಏಳುವುದೇನೋ ಏಳುತ್ತದೆ— ಗುಬ್ಬಿ ಕುಪ್ಪಳಿಸಿದಷ್ಟು.

ಹೇಳಿದರೆ ಕಾಂಟ್ರ್ಯಾಕ್ಟ್ ಕೈಬಿಟ್ಟ ಹಾಗೆಯೇ. ಹೇಳದಿದ್ದರೆ ಸದ್ಯಕ್ಕೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದಿಲ್ಲ ಎನ್ನುವುದೇ ನನ್ನನ್ನು ಕೊರೆಯುತ್ತಿದೆ. ಅಡುಗೆಮನೆಯಲ್ಲಿ ಅತ್ತೆಯ ಮುಂದೆ ಅತ್ತುಬಿಟ್ಟೆ. ಅವರು ಹುರುಳಿಕಾಯಿ ನಾರು ತೆಗೆಯುತ್ತಲೇ ಇದ್ದರು.

"ಒಂದನ್ನೇ ನಾಲ್ಕು ಸಲ ಎಣಿಸಿದೀಯ, ಅಷ್ಟೇ ತಾನೆ? ನಿನ್ನ ನಾದಿನಿ ಮದುವೇಲಿ ಕೈತೊಳೆಯೋಕೆ ಓಡಾಡ್ತಿದ್ದ ನೆಂಟರನ್ನೇ ಮತ್ತೆ ಮತ್ತೆ ಎಣಿಸಿ ಅಡುಗೆ ಮಾಡಿಸಿದ್ದೆ ನಾನು. ನಿಮ್ಮ ಮಾವ ಇವತ್ತಿನವರೆಗೂ ಆಡ್ಕೊಳ್ತಾರೆ. ನಾಳೆ ಹೋಗಿ ಹೇಳು."

"ಕೆಲಸ ಹೋದ್ರೆ?"

"ಹೋದ್ರೆ ನೋಡೋಣ. ನೀನೊಬ್ಳೇ ಇದೀಯಾ ಮನೇಲಿ?"

ಎಂಥ ಅತ್ತೆ ಸಿಕ್ಕಿದ್ದಾರೆ ನನಗೆ.

ಮಾರ್ಚ್ 8

ದೊಡ್ಡಕ್ಕನಿಗೆ ಮೊದಲು ಹೇಳಿದೆ. ಬೈಗುಳಕ್ಕೆ ತಲೆ ಒಡ್ಡಿ ನಿಂತಿದ್ದೆ. ಬೈಯಲಿಲ್ಲ. "ನಡಿ" ಎಂದು ನನ್ನ ಮುಂದೆ ಮುಂದೆ ನಡೆದರು.

ನಿರ್ದೇಶಕರ ಮುಖ ಕೆಂಪಾಯಿತು. "ಬೋರ್ಡ್ ಪ್ರಿಂಟಾಗಿ ಬಂದಿದೆ! ಈಗ ಬಂದು ಹೇಳ್ತೀರಾ?"

"ಮಂಗಳವಾರ ಹೇಳಿದ್ರೆ ಚೆನ್ನಾಗಿರ್ತಿತ್ತಾ ಸರ್?" ದೊಡ್ಡಕ್ಕ ಕೇಳಿದರು. "ನೋಡಿ ಸಹಿ ಹಾಕಿದೋಳು ನಾನು. ಬೈಯೋದಿದ್ರೆ ನನ್ನ ಬೈರಿ. ಇವಳು ಬಾಯಿ ಮುಚ್ಕೊಂಡಿದ್ರೆ ನಿಮ್ಮ ಮಾನ ಹೋಗ್ತಿತ್ತು."

ನನಗಾಗಿ ಇಷ್ಟು ಮಾತು ಯಾರೂ ಆಡಿರಲಿಲ್ಲ. ಹೊರಗೆ ಬಂದು ಕಾಲಿಗೆ ಬೀಳಲು ಹೋದೆ. ಕೈಗೆ ಫೈಲು ತುರುಕಿದರು. "ಗೆರೆ ಹೊಸದಾಗಿ ಎಳಿ. ನಿನ್ನ ಕಣ್ಣೀರು ಗ್ರಾಫ್ ಮೇಲೆ ಬೀಳಿಸ್ಬೇಡ."

ಮಾರ್ಚ್ 10

ಬೋರ್ಡು ಗೋಡೆಗೆ ಮುಖ ಮಾಡಿ ನಿಂತಿತ್ತು. ನಿರ್ದೇಶಕರು ಬಾಯಲ್ಲೇ ಹೇಳಿದರು— ಆಮದು ಸ್ವಲ್ಪ ಏರಿದೆ, ಒಂದು ರಿಯಾಕ್ಟರ್ ಪಾತ್ರೆ ಬಂದದ್ದರಿಂದ, ಅಷ್ಟೇ. ಪತ್ರಿಕೆಯವರು ಕಾಫಿ ಕುಡಿದು ಹೋದರು. ನಿರ್ದೇಶಕರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆದರೂ ಸತ್ಯ ಹೇಳಿದರಲ್ಲ… ಮನಸ್ಸಿನಲ್ಲೇ ಕೈಮುಗಿದೆ.

ಮಾರ್ಚ್ 31

ಕಾಂಟ್ರ್ಯಾಕ್ಟ್ ಮುಂದುವರಿಸುವ ಆದೇಶ ಬರಲಿಲ್ಲ. ಡ್ರಾಯರ್ ಖಾಲಿ ಮಾಡಿದೆ. ದೊಡ್ಡಕ್ಕ ಗೇಟಿನವರೆಗೂ ಬಂದರು. ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಏಪ್ರಿಲ್ 16

ಬಟ್ಟೆ ಒಣಗಿಸಿ ಇಳಿದು ಬರುತ್ತಿದ್ದೆ. ನನ್ನ ಫೋನು ಅತ್ತೆಯ ಕೈಯಲ್ಲಿ. ಅವರ ದನಿ ಮೆಟ್ಟಿಲಿಗೇ ಕೇಳಿಸಿತು.

"ತಪ್ಪು ಮಾಡಿದ್ಳು, ಒಪ್ಪಿದೆ. ತಾನೇ ಬಂದು ಹೇಳಿದ್ಳಲ್ಲ? ಹಾಗೆ ಹೇಳೋರನ್ನ ಮನೆಗೆ ಕಳಿಸಿಬಿಟ್ರೆ, ನಾಳೆ ನಿಮ್ಮಲ್ಲಿ ತಪ್ಪಾದ್ರೆ ಯಾರಪ್ಪ ಬಂದು ಹೇಳ್ತಾರೆ? ಆ ನಿರ್ದೇಶಕರಿಗೆ ಇಷ್ಟೂ ತಿಳಿಯಲ್ವಾ? ಹೋಗಿ ಹೇಳು ಅವರಿಗೆ."

ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡರು. ಫೋನಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು. ಮುಖ ಬಿಳಿಚಿತ್ತು.

"ಆಫೀಸಿನ ಯಾರೋ ಹುಡುಗ ಅಂದ್ಕೊಂಡೆ, ಇವರೇ ಅಂತೆ ಕಣೇ ನಿರ್ದೇಶಕರು. ಅದನ್ನೇ ಹೇಳೋಕೆ ಫೋನ್ ಮಾಡಿದ್ದಂತೆ. ನಾಳೆಯಿಂದ ಬಾ ಅಂತಿದಾರೆ."

ಅತ್ತೆಯನ್ನು ಗಟ್ಟಿಯಾಗಿ ತಬ್ಬಿಕೊಂಡೆ, ಆ ಕಡೆ ನಿರ್ದೇಶಕರು "ಹಲೋ, ಹಲೋ" ಎನ್ನುತ್ತಲೇ ಇದ್ದರು. ಈಗ ಅತ್ತೆ ಆ ಮಾತನ್ನೆಲ್ಲ ಮಾವನಿಗೆ ಹೇಳುತ್ತಿದ್ದಾರೆ, ತಾವು ಬೈದದ್ದನ್ನು ಮಾತ್ರ ಬಿಟ್ಟು. ನಾನೇ ಹೋಗಿ ಅದನ್ನೂ ಹೇಳಿಬರುತ್ತೇನೆ.