ಹದಿನೆಂಟುನೂರು ಲೀಟರ್ ಸಮುದ್ರ

ಮೇ 14, ಬೆಳಿಗ್ಗೆ

ಸಂಪಿನ ಎರಡನೇ ಅಡ್ಡಗಾಜಿನ ಸಿಲಿಕೋನ್ ಒಣಗಿಲ್ಲ. ಬೆರಳಿಗೆ ಅಂಟುತ್ತದೆ. ಇನ್ನೊಂದು ದಿನ ಬಿಡಬೇಕು. ಬೊರಾನ್‌ಬಾಯ್‌ಗೆ ಎಲ್ಲಿಯ ತಾಳ್ಮೆ. ಮದುವೆ ಹಾಲಿನ ಯಜಮಾನ. ಇಪ್ಪತ್ತಾರಕ್ಕೆ ಹೊಸ ಹಾಲ್ ಶುರು. ಅಷ್ಟರೊಳಗೆ ಗಾಜಿನ ಪೆಟ್ಟಿಗೆಯಲ್ಲಿ ಸಮುದ್ರ ಬೇಕಂತೆ. ಸಮುದ್ರ ಬತ್ತಿಹೋದ ಈ ಅರಾಲ್ ಊರಲ್ಲಿ!

ಮೇಲೆ ಮೀನಿನ ತೊಟ್ಟಿ, ಕೆಳಗೆ ಕಪಾಟಿನೊಳಗೆ ಸಂಪ್. ಮೇಲೆ ಉಕ್ಕಿದ ನೀರು ಪೈಪಿನಲ್ಲಿ ಇಳಿಯುತ್ತದೆ. ಮೊದಲ ಖಾನೆಯ ಬಟ್ಟೆಚೀಲ ಕಸ ಹಿಡಿಯುತ್ತದೆ. ಎರಡನೆಯದರಲ್ಲಿ ಒಂದು ಯಂತ್ರ ನೊರೆ ಎಬ್ಬಿಸಿ ಕೊಳೆ ಎತ್ತುತ್ತದೆ. ಮೂರನೆಯದರ ಮೋಟಾರು ಮತ್ತೆ ಮೇಲಕ್ಕೆ ದೂಡುತ್ತದೆ. ಮೀನಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಪೈಪು ಜೋಡಿಸಿದವಳು ನಾನು. ಇದೇನು ಮಹಾ.

"ಸಂಪ್ ಯಾಕಕ್ಕಾ ಇಷ್ಟು ದೊಡ್ಡದು? ಅರ್ಧ ಖಾಲೀನೇ ಬಿಟ್ಟಿದೀಯ."

"ಕರೆಂಟು ಹೋದ್ರೆ ಮೇಲಿನ ನೀರು ಕೆಳಗಿಳೀತದೆ ಯಜಮಾನ್ರೇ. ಜಾಗ ಇಲ್ದಿದ್ರೆ ಮದುಮಗಳು ತೇಲ್ತಾಳೆ."

ಅವನಿಗೆ ನಗು ಬರಲಿಲ್ಲ.

ಮೇ 15

ಉಪ್ಪಿನ ಡಬ್ಬ ಅಲ್ಮಾತಿಯಿಂದ ಬರುವುದು ತಡ. "ಊರಾಚೆ ನೆಲದ ಮೇಲೆಲ್ಲಾ ಉಪ್ಪೇ ಬಿದ್ದಿದೆ, ಎರಡು ಮೂಟೆ ಗೋರ್ಕೊಂಡು ಬಾ" ಅಂದ ಬೊರಾನ್‌ಬಾಯ್.

"ಅದ್ರಲ್ಲಿ ಹತ್ತಿಹೊಲದಿಂದ ಹರಿದ್ ಬಂದ ವಿಷಾನೂ ಇದೆ. ನಾವು ದಿನಾ ಉಸಿರಾಡ್ತೀವಿ. ನಿಮ್ಮ ಮೀನು ತಡ್ಕೊಳ್ಳಲ್ಲ."

ಡಬ್ಬ ಬರಲಿ ಅಂದ. ಮೀನಿಗಾದರೆ ಕಾಯುತ್ತಾನೆ.

ಮೇ 17, ಸಂಜೆ

ನಮ್ಮ ಬೀದಿಗೆ ಟ್ಯಾಂಕರ್ ಬರುವುದು ಸೋಮವಾರ, ಗುರುವಾರ. ಇಪ್ಪತ್ತಾರು ಮನೆ. ಇವತ್ತು ಗುರುವಾರ. ಟ್ಯಾಂಕರ್ ಬರಲಿಲ್ಲ. ಎಲ್ಲಿತ್ತು ಅಂತ ನನಗೆ ಗೊತ್ತು. ಮದುವೆ ಹಾಲಿನ ಹಿತ್ತಿಲಲ್ಲಿತ್ತು. ಅದರ ಬಾಯಿಗೆ ಪೈಪು ಸಿಕ್ಕಿಸಿದವಳು ನಾನೇ.

ಸಮುದ್ರದ ಮೀನಿಗೆ ಬರೀ ನೀರು ಸಾಲದು. ಮೊದಲು ಆರ್‌ಒ ಯಂತ್ರದಲ್ಲಿ ಸೋಸಿ, ಆಮೇಲೆ ಉಪ್ಪು ಬೆರೆಸಬೇಕು. ಒಂದು ಲೀಟರ್ ಶುದ್ಧವಾದರೆ ಮೂರು ಲೀಟರ್ ಮೋರಿಗೆ. ತೊಟ್ಟಿ, ಸಂಪ್ ಸೇರಿ ಹದಿನೆಂಟುನೂರು. ಮೋರಿಗೆ ಐದು ಸಾವಿರದ ನಾನೂರು. ಕೆಲಸ ಒಪ್ಪಿಕೊಳ್ಳುವಾಗ ಈ ಲೆಕ್ಕ ಯಾಕೆ ಹಾಕಲಿಲ್ಲ ನಾನು?

ಎದುರುಮನೆ ಕೂಲ್ಪಾಶ್ ಖಾಲಿ ಕ್ಯಾನಿನ ಮೇಲೆ ಕೂತಿದ್ದಳು.

"ಏನೇ ಉಲ್ಬೊಸಿನ್, ಮೀನಿಗೆ ಸ್ನಾನ ಆಯ್ತಾ? ನನ್ ಮೊಮ್ಮಗಳದ್ದು ಆಗ್ಲಿಲ್ಲ."

"ಇನ್ನೂ ಮೀನು ಬಂದಿಲ್ಲ ಕಣೇ."

"ಅಯ್ಯೋ, ಬರೋಕ್ ಮುಂಚೇನೇ ಇಷ್ಟು ಮರ್ಯಾದೆನಾ!"

ಒಳಗೆ ಬಂದೆ. ಚಹಾಕ್ಕೂ ನೀರಿಲ್ಲ.

ಮೇ 18

ಆರ್‌ಒ ಇನ್ನೂ ಓಡುತ್ತಿದೆ. ಮೋರಿಗೆ ಹೋಗುವ ಪೈಪನ್ನು ಗೋಡೆ ಕೊರೆದು ಬೀದಿಗೆ ತಿರುಗಿಸಿದೆ. ಕುಡಿಯೋಕಲ್ಲ, ಬಟ್ಟೆಗಾದರೂ ಆಗುತ್ತದೆ. ಒಂದು ಗಂಟೆಯಲ್ಲಿ ಬಕೆಟ್ ಸಾಲು ಮೂಲೆ ದಾಟಿತು. ಕೂಲ್ಪಾಶ್ ಬೈಯುತ್ತಲೇ ಐದು ಬಕೆಟ್ ಒಯ್ದಳು.

ಮೇ 20

"ಹಾಲ್ ಮುಂದೆ ಬಕೆಟ್ ಸಾಲು! ನೋಡ್ದೋರು ಏನಂತಾರೆ?" ಯಜಮಾನ ಬಂದು ಕೂಗಾಡಿದ.

"ಊರಲ್ಲಿ ನೀರಿಲ್ಲ ಅಂತಾರೆ."

"ಪೈಪು ತೆಗಿ. ಇಲ್ಲಾ ನೀನೂ ಹೊರಡು."

ತೆಗೆದೆ. ನನ್ನದೇ ಗರಗಸ, ನನ್ನದೇ ಕೈ. ಹೆಂಗಸರೆಲ್ಲ ನೋಡುತ್ತ ನಿಂತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ 26

ಬರೆಯುವ ಮನಸ್ಸಿರಲಿಲ್ಲ ಇಷ್ಟು ದಿನ.

ಇವತ್ತು ಹಾಲ್ ಶುರು. ನೀರಿಟ್ಟು ಒಂದು ತಿಂಗಳಾದರೂ ಬಿಟ್ಟು ಮೀನು ಹಾಕಿ ಅಂತ ಅಲ್ಮಾತಿಯ ಅಂಗಡಿಯವನು ಬಡಕೊಂಡಿದ್ದ. ಯಾರು ಕೇಳುತ್ತಾರೆ. ಮೊನ್ನೆಯೇ ವಿಮಾನದಲ್ಲಿ ಬಂದವು — ಕಿತ್ತಳೆ ಬಣ್ಣದ ನಾಲ್ಕು ಮೀನು, ಹೂವಿನಂಥ ಒಂದು ಸಮುದ್ರಜೀವಿ.

ರಿಬ್ಬನ್ ಕತ್ತರಿಸಿದರು. ಯಜಮಾನನ ತಾಯಿ ಕನಿಪಾ ಅಜ್ಜಿ ಹೊಸ ಸೊಸೆ ಬಂದಂತೆ ಖುಷಿಯಲ್ಲಿದ್ದಳು. ತೊಟ್ಟಿಯ ಮುಚ್ಚಳ ತೆಗೆದಿತ್ತು. ಏನು ಮಾಡುತ್ತಾಳೆ ಅಂತ ಹೊಳೆಯುವಷ್ಟರಲ್ಲಿ ಮಡಿಲ ತುಂಬಾ ಇದ್ದ ಶಾಶು ಎತ್ತಿ ಎರಚಿಬಿಟ್ಟಳು. ಮಿಠಾಯಿ, ಚಿಲ್ಲರೆ, ಒಣದ್ರಾಕ್ಷಿ. ಶುಭಕ್ಕೆ ಎರಚದೆ ಇರುತ್ತಾರಾ ನಮ್ಮವರು? ಬಿದ್ದ ಶಾಶು ಆರಿಸದೆ ಇರುತ್ತಾರಾ? ಸೂಟು ಹಾಕಿದ ಗಂಡಸರು ತೋಳು ಮಡಚಿ ತೊಟ್ಟಿಗೇ ಕೈ ಹಾಕಿದರು!

"ತೆಗೀರಿ ಕೈಯ! ಚಿಲ್ಲರೇಲಿ ತಾಮ್ರ ಇದೆ, ಸಾಯ್ತವೆ!"

"ನಿಂಗೇನೇ ಗೊತ್ತು" ಅಂದಳು ಅಜ್ಜಿ. "ನಂದು ಒಳ್ಳೆ ಕೈ. ಹನ್ನೊಂದು ಮದುವೆಗೆ ಎರಚಿದೀನಿ, ಒಂದೂ ಮುರಿದಿಲ್ಲ."

ಮಿಠಾಯಿ ಕಾಗದ ಬಟ್ಟೆಚೀಲಕ್ಕೆ ಅಂಟಿತು. ನೊರೆಯಂತ್ರ ಹುಚ್ಚೆದ್ದು ಕಪಾಟಿನಿಂದಾಚೆ ಕಾರ್ಪೆಟ್ಟಿನ ಮೇಲೆ ನೊರೆ ಕಕ್ಕಿತು. ಬರಿಗೈಯಲ್ಲಿ ಅರವತ್ತೆರಡು ನಾಣ್ಯ ಹೆಕ್ಕಿದೆ. ಹೂವಿನಂಥದ್ದು ಮುದುಡಿ ಸತ್ತಿತು. ಮೀನು ನಾಲ್ಕೂ ಉಸಿರಾಡುತ್ತಿವೆ. ಅವುಗಳ ತಪ್ಪೇನು.

ಮೇ 27

ಕೊಳೆ ಹೀರಲಿ ಅಂತ ಸಂಪಿನಲ್ಲಿ ಇದ್ದಿಲಿನ ಚೀಲ ಇಟ್ಟಿದ್ದೇನೆ. ಸತ್ತದ್ದನ್ನು ತೆಗೆದಾಯ್ತು. ನೀರು ಹಾಲಿನ ಹಾಗೆ ಬೆಳ್ಳಗೆ ಕದಡಿದೆ.

"ನಾಲ್ಕೈದು ದಿನ ಬಿಡಿ ಯಜಮಾನ್ರೇ. ಸಂಪು ತಾನೇ ತಿಳಿ ಮಾಡುತ್ತೆ. ಅದಕ್ಕೇ ಕಟ್ಟಿದ್ದು."

"ಮಂಗಳವಾರ ದೊಡ್ಡೋರ ಮಗಳ ಮದುವೆ ಅಕ್ಕಾ. ಕನ್ನಡಿ ಥರ ಇರ್ಬೇಕು. ಎಲ್ಲಾ ಚೆಲ್ಲು, ಹೊಸದು ತುಂಬು. ನಾಳೆ ಟ್ಯಾಂಕರ್‌ಗೆ ಹೇಳಿದೀನಿ."

"ನಾಳೆ ಸೋಮವಾರ. ಅದು ಬೀದಿಯ ನೀರು."

"ಬೀದಿ ಗುರುವಾರ ಕುಡೀಲಿ."

ಬೀದಿ ಗುರುವಾರ ಕುಡೀಲಿ. ಎಷ್ಟು ಸಲೀಸಾಗಿ ಬಂತು ಬಾಯಿಂದ! ಹತ್ತಿಹೊಲಕ್ಕೆ ನದಿ ತಿರುಗಿಸಿ ನಮ್ಮ ಸಮುದ್ರ ಒಯ್ದವರೂ ಹೀಗೇ ಹೇಳಿರಬೇಕು, ಮೇಜಿನ ಮುಂದೆ ಕೂತು. ಪೈಪು ಜೋಡಿಸಲು ಆಗಲೂ ನನ್ನಂಥವರೇ ಸಿಕ್ಕಿದ್ದರು.

ಮೇ 28, ಬೆಳಿಗ್ಗೆ ಹತ್ತೂವರೆ

ಟ್ಯಾಂಕರ್ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಹಾಲಿನ ಪೈಪು ಜೋಡಿಸಲಿಲ್ಲ. ಚಾಲಕ ಎಸ್ಕೆಂದಿರ್‌ಗೆ, "ಬೀದಿಗೆ ತಿರುಗ್ಸಪ್ಪಾ" ಅಂದೆ. "ನನ್ ಕೆಲಸ ಹೋಗುತ್ತಕ್ಕಾ" ಅಂದ. "ವಾಲ್ವು ನಾನು ತಿರುಗಿಸ್ತೀನಿ. ಹೆದರಿಸಿದ್ಲು ಅನ್ನು." ಗಾಡಿ ತಿರುಗಿಸಿದ. ಈಗ ಸ್ಟೀರಿಂಗ್ ಹಿಡಿದು, ಹೆದರಿದವನ ಮುಖ ಮಾಡಿಕೊಂಡು ಸೂರ್ಯಕಾಂತಿ ಬೀಜ ಜಗಿಯುತ್ತಿದ್ದಾನೆ.

ಹದಿನೈದು ಮನೆ ಆಯಿತು. ಹನ್ನೊಂದು ಬಾಕಿ. ಬೊರಾನ್‌ಬಾಯ್ ಕಾರಿನ ಹಿಂದೆ ಪೊಲೀಸ್ ಗಾಡಿ ತಿರುವಿನಲ್ಲಿ ನಿಂತಿದೆ. ಹೆಂಗಸರು ಕ್ಯಾನುಗಳನ್ನು ರಸ್ತೆಗಡ್ಡವಾಗಿ ಇಡುತ್ತಿದ್ದಾರೆ, ನಾನು ಹೇಳಿಕೊಟ್ಟಿಲ್ಲ. ಕೂಲ್ಪಾಶ್ ಕೂಗುತ್ತಿದ್ದಾಳೆ — "ಲೇ ಉಲ್ಬೊಸಿನ್, ಬರೆದಿದ್ದು ಸಾಕು, ವಾಲ್ವು ಇನ್ನೂ ಪೂರ್ತಿ ತೆಗಿ, ಬೇಗ ತುಂಬ್ಲಿ, ಅವರು ಇಳೀತಾ—"

ತೆಗೆದೆ. ಹದಿನಾರನೇ ಮನೆಯ ಕ್ಯಾನು ತುಂಬಿತು, ಹದಿನೇಳನೆಯದು—