ಹೊಟ್ಟೆ ಇಳಿದ ದಿನ

ಅಮ್ಮನಿಗೆ,

ನಿನ್ನ ಕಾಗದ ಬಂತು. ವಾಂತಿ ಇನ್ನೂ ಇದೆಯೇ ಎಂದು ಕೇಳಿದ್ದೀಯ. ಇಲ್ಲ, ನಿಂತಿದೆ. ಈ ಸೋಮವಾರದಿಂದ ಕೆಲಸಕ್ಕೆ ಹೋಗುತ್ತಿದ್ದೇನೆ.

ನಾವು ಮಾಡುತ್ತಿರುವ ಸರಕು ವಿಮಾನದ ವಿಷಯ ಹೇಳಿದ್ದೆನಲ್ಲ. ಅದರ ಅಡಿಯಲ್ಲಿರುವ ದೊಡ್ಡ ಪೆಟ್ಟಿಗೆಯನ್ನು ಸಾಮಾನಿನ ಸಮೇತ ಕಳಚಿ ನೆಲದ ಮೇಲೆ ಬಿಟ್ಟು, ವಿಮಾನ ಹಾಗೇ ಹಾರಿಹೋಗಬೇಕು. ಷೆಡ್ಡಿನಲ್ಲಿ ಎಲ್ಲರೂ ಆ ಪೆಟ್ಟಿಗೆಗೆ ಹೊಟ್ಟೆ ಎನ್ನುತ್ತಾರೆ. ಹೆಸರಿಟ್ಟವಳು ನಾನೇ.

ಇವತ್ತು ಗುಮಾಸ್ತರು ರಿಜಿಸ್ಟರ್ ಹಿಡಿದುಕೊಂಡು ಬಂದು, "ಮೇಡಂ, ಹೊಟ್ಟೆ ಇಳಿದಿದ್ದು ಯಾವತ್ತು ಅಂತ ಬರ್ಕೊಳ್ಲಿ?" ಎಂದರು. ಹೋದ ವಾರ ಮಂಗಳವಾರ ಎಂದುಬಿಟ್ಟೆ.

"ಅವತ್ತು ವಿಮಾನ ಮೇಲಿತ್ತಲ್ಲ ಮೇಡಂ, ಹೊಟ್ಟೆ ಸಮೇತ."

ತಪ್ಪಾಯಿತು, ಮೊನ್ನೆ ಗುರುವಾರ ಎಂದು ಬರೆಸಿದೆ.

ಹೊಟ್ಟೆ ಇಲ್ಲದೆ ಮೊದಲ ಸಲ ಹಾರಿಸಿದ ಪೈಲಟ್ ಕೂಡ ಬಂದಿದ್ದರು. "ಹಗುರ ಆಗತ್ತೆ ಅಂದ್ಕೊಂಡಿದ್ದೆ. ಸ್ವಲ್ಪ ಗಾಳಿ ಬೀಸಿದ್ರೂ ಹಿಡಿತಕ್ಕೇ ಸಿಗಲ್ಲ," ಎಂದರು. ಪೆಟ್ಟಿಗೆ ಇಲ್ಲದಾಗ ಭಾರಕ್ಕೆ ಮರಳಿನ ಚೀಲಗಳನ್ನಿಡಲು ಜಾಗ ಬೇಕು. ಅದಕ್ಕೇ ನಕ್ಷೆ ತಿದ್ದುತ್ತಿದ್ದೇನೆ.

ಆ ಮಂಗಳವಾರ ಆಸ್ಪತ್ರೆಯಿಂದಲೇ ನಿನಗೆ ಫೋನ್ ಮಾಡಿ ಹೇಳುತ್ತೇನೆ ಎಂದು ಇವರು ಅಂದರು. ನಾನೇ ಬರೆಯುತ್ತೇನೆ ಎಂದೆ. ಏಳನೇ ತಿಂಗಳಿಗೆ ಬರಲು ರಜಾ ಕೇಳಿದ್ದೀಯಲ್ಲ, ಅದನ್ನು ರದ್ದು ಮಾಡಿಸು. ಇನ್ನು ಬರುವ ಅಗತ್ಯವಿಲ್ಲ. ಊಟ ಸರಿಯಾಗಿ ಮಾಡುತ್ತಿದ್ದೇನೆ.

ನೀನು ಹೆಣೆಯುತ್ತಿರುವ ಪುಟ್ಟ ಹೊದಿಕೆಯನ್ನು ಬಿಚ್ಚಬೇಡ. ಎಷ್ಟಾಗಿದೆಯೋ ಅಷ್ಟನ್ನೇ ಕಳಿಸು. ಅದು ಎಷ್ಟು ತೂಗುತ್ತದೆ ಎಂದೂ ಬರೆ.

ನಿನ್ನ ಮಗಳು